ಬೆಳ್ಳಿ ಇಳಿದರೆ ರಾಣಿ ರೂಪಾಯಿಯೂ ಇಳಿಯಬೇಕೇ?

ಬೆಳ್ಳಿ ರೇಟು ಜಾರಿತು ಅಂತ ಟಿ.ವಿ.ಯ ಕೆಳಗೆ ಅಕ್ಷರ ಓಡಿದರೆ ಸಾಕು, ರಾಯಚೂರಿನಲ್ಲಿ ನನ್ನ ಪರಿಚಯದವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಏನ್ರೀ ಸರ, ನಿಮ್ಮ ನಾಣ್ಯದ ಆಸ್ತಿ ಕರಗಿತಲ್ಲ?" ಕೇಳುವ ದನಿಯಲ್ಲಿ ಸ್ವಲ್ಪ ಕನಿಕರ ಇರುತ್ತದೆ, ಸ್ವಲ್ಪ ಖುಷಿಯೂ ಇರುತ್ತದೆ. ಹಳೇ ನಾಣ್ಯ ಕೂಡಿಡುವವನನ್ನು ಬೆಳ್ಳಿ ಕೂಡಿಡುವವನು ಅಂತಲೇ ಜನ ತಿಳಿಯುತ್ತಾರೆ. ನಾಣ್ಯ ಬೆಳ್ಳಿಯದು, ಬೆಳ್ಳಿ ಇಳಿಯಿತು, ಅಂದಮೇಲೆ ನಾಣ್ಯವೂ ಇಳಿಯಿತು ಎಂಬುದು ಅವರ ಲೆಕ್ಕ. ಆ ಲೆಕ್ಕ ಪೂರ್ತಿ ಸುಳ್ಳೇನಲ್ಲ. ಮನೆಯ ಟ್ರಂಕಿನಲ್ಲಿರುವ ಹೆಚ್ಚಿನ ನಾಣ್ಯಗಳಿಗೆ ಅದೇ ಸರಿ. ಸರಿ ಹೊಂದದ ನಾಣ್ಯಗಳು ಕೆಲವೇ ಕೆಲವು, ಮತ್ತು ನಮ್ಮಂಥವರು ತಲೆ ಕೆಡಿಸಿಕೊಳ್ಳುವುದೆಲ್ಲ ಅವುಗಳ ಬಗ್ಗೆ.

ವ್ಯಾಪಾರದವರು ಒಂದೇ ನಾಣ್ಯಕ್ಕೆ ಎರಡು ರೇಟು ಹೇಳುತ್ತಾರೆ. ಒಂದು ಬೆಳ್ಳಿ ರೇಟು, ಇನ್ನೊಂದು ಕಲೆಕ್ಷನ್ ರೇಟು. ಮೊದಲನೆಯದನ್ನು ತಕ್ಕಡಿ ಹೇಳುತ್ತದೆ. ಎರಡನೆಯದನ್ನು ಹೇಳುವುದು ಇಸವಿ, ಟಂಕಸಾಲೆಯ ಗುರುತು, ಸವೆದಿದೆಯೋ ಇಲ್ಲವೋ ಎಂಬುದು, ಮತ್ತು ಎದುರಿಗೆ ಕೂತ ಗಿರಾಕಿಯ ಹುಚ್ಚು.

ನಮ್ಮ ಕಡೆ ಈ ಲೆಕ್ಕಕ್ಕೆ ಇನ್ನೊಂದು ಗಂಟಿದೆ. ತುಂಗಭದ್ರೆಯ ಆಚೆಯ ಬಳ್ಳಾರಿಯನ್ನು ನಿಜಾಮರು 1800ರಲ್ಲಿ ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟರು. ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಈಚೆಯ ರಾಯಚೂರು, ಕೊಪ್ಪಳ 1948ರವರೆಗೂ ನಿಜಾಮರ ರಾಜ್ಯದಲ್ಲೇ ಇದ್ದವು. ನನ್ನ ತಾಯಿಯ ತವರು ಬಳ್ಳಾರಿ ಕಡೆ, ಅಲ್ಲಿಂದ ಬಂದದ್ದೆಲ್ಲ ವಿಕ್ಟೋರಿಯಾ ಚಿತ್ರದ ರಾಣಿ ರೂಪಾಯಿ, ಆಕೆಯ ನಂತರದ ಇಂಗ್ಲಿಷ್ ರಾಜರ ರೂಪಾಯಿ. ತಂದೆಯ ಕಡೆಯ ಗಂಟಿನಲ್ಲಿ ನಿಜಾಮರ ಚಾರ್‌ಮಿನಾರ್ ರೂಪಾಯಿ. ಹಿರಿಯರು ಇಂಗ್ಲಿಷರದ್ದನ್ನು ಕಲ್ದಾರ ಅನ್ನುತ್ತಿದ್ದರು, ನಿಜಾಮರದ್ದನ್ನು ಹಾಲಿ ಸಿಕ್ಕಾ ಅನ್ನುತ್ತಿದ್ದರು. ಎರಡೂ ರೂಪಾಯಿಯೇ, ಆದರೆ ಹಾಲಿಯ ಬೆಲೆ ಕಲ್ದಾರಕ್ಕಿಂತ ಕಮ್ಮಿ. ಸುಮಾರು ಏಳು ಹಾಲಿಗೆ ಆರು ಕಲ್ದಾರ. ಕಾರಣ ತೂಕದಲ್ಲೇ ಇದೆ. ಕಲ್ದಾರ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ನೂರಕ್ಕೆ 91.7ರಷ್ಟು ಬೆಳ್ಳಿ. ಹಾಲಿ ಸಿಕ್ಕಾ 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8.

ಇದನ್ನು ಇವತ್ತಿನ ಭಾಷೆಗೆ ತಂದರೆ, ಕಿಲೋ ಬೆಳ್ಳಿಯ ಮೇಲೆ ಒಂದು ಸಾವಿರ ರೂಪಾಯಿ ಇಳಿದಾಗ ರಾಣಿ ರೂಪಾಯಿಯೊಳಗಿನ ಬೆಳ್ಳಿ ಇಳಿಯುವುದು ಹತ್ತು ರೂಪಾಯಿ ಎಪ್ಪತ್ತು ಪೈಸೆ. ಚಾರ್‌ಮಿನಾರ್ ರೂಪಾಯಿಯಲ್ಲಿ ಒಂಬತ್ತು ರೂಪಾಯಿ ಚಿಲ್ಲರೆ. 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕಿಳಿದಿತ್ತು, ಹಾಗಾಗಿ ಅಲ್ಲಿ ಆರು ರೂಪಾಯಿಯೂ ಇಳಿಯುವುದಿಲ್ಲ. 1946, 47ರದ್ದು ನಿಕಲ್, ಅದಕ್ಕೂ ಬೆಳ್ಳಿ ಪೇಟೆಗೂ ಸಂಬಂಧವೇ ಇಲ್ಲ. ಕಿಲೋಗೆ ಒಂದು ಲಕ್ಷ ಅಂತ ಇಟ್ಟುಕೊಂಡರೆ ಒಂದು ರಾಣಿ ರೂಪಾಯಿಯ ಒಳಬೆಲೆ 1,069 ರೂಪಾಯಿ. ಕಿಲೋಗೆ ಹತ್ತು ಸಾವಿರ ಬಿದ್ದ ದಿನ ಟಿ.ವಿ.ಯವರು ಬೊಬ್ಬೆ ಹೊಡೆಯುತ್ತಾರೆ, ನಾಣ್ಯದಲ್ಲಿ ಕಳೆಯುವುದು 107 ರೂಪಾಯಿ.

ಈ 107 ರೂಪಾಯಿ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕಾದರೆ ಪತ್ತಾರರ, ಅಂದರೆ ಅಕ್ಕಸಾಲಿಗರ ಅಂಗಡಿಯಲ್ಲಿ ಕೂರಬೇಕು. ನಾನು ಆಗಾಗ ಹೋಗಿ ಕೂರುವ ಅಂಗಡಿಯ ಕಾಕಾ ನನಗಿಂತ ಬಹಳ ಹಿರಿಯರು, ಮಾತು ಕಮ್ಮಿ. ಒಮ್ಮೆ ಲಿಂಗಸುಗೂರು ಕಡೆಯ ತಾಂಡಾದ ಹೆಣ್ಣುಮಗಳೊಬ್ಬಳು ಸೆರಗಿನ ಗಂಟು ಬಿಚ್ಚಿ ಒಂದಷ್ಟು ರೂಪಾಯಿ, ಎಂಟಾಣೆ, ನಾಲ್ಕಾಣೆ ಗಾಜಿನ ಮೇಲೆ ಸುರಿದಳು. ಲಂಬಾಣಿ ಉಡುಪಿಗೆ ಹೊಲಿದಿದ್ದವು, ಸರಕ್ಕೆ ಪೋಣಿಸಿದ್ದವು. ಕಾಕಾ ಒಂದೊಂದನ್ನೇ ಹೆಬ್ಬೆರಳಿನಿಂದ ತಿರುಗಿಸಿ ಎರಡು ಗುಂಪು ಮಾಡಿದರು. ಒಂದು ಗುಂಪಿನವಕ್ಕೆ ಮೇಲಂಚಿನಲ್ಲಿ ಕೊಂಡಿ ಬೆಸೆದ ಗುರುತಿತ್ತು, ಬೆಸುಗೆ ರಾಣಿಯ ಕಿರೀಟದ ತನಕ ಹರಿದು ಗಟ್ಟಿಯಾಗಿತ್ತು. ಕೆಲವಕ್ಕೆ ನೇರ ತೂತು. ನಾನು ಕೈ ಚಾಚಿದೆ.

"ಸರ, ಅವು ನಿಮಗ ಬ್ಯಾಡ. ಅವು ನನಗ."

"ಯಾಕ್ರಿ ಕಾಕಾ, 1877 ಐತಲ್ಲ?"

"ಇಸವಿ ಇದ್ದರ ಏನು ಮಾಡ್ತೀರಿ? ಕೊಂಡಿ ಹಾಕ್ಯಾರ. ಇನ್ನ ಅದು ಬರೇ ಬೆಳ್ಳಿ."

ಆಮೇಲೆ ಆಕೆಯ ಕಡೆ ತಿರುಗಿ, "ಯವ್ವಾ, ಹೋದ ತಿಂಗಳು ಬಂದಿದ್ದರ ನಾಕು ರೂಪಾಯಿ ಹೆಚ್ಚಿಗಿ ಸಿಗ್ತಿತ್ತು" ಅಂದರು. ಆಕೆ ಏನೂ ಅನ್ನಲಿಲ್ಲ, ಮಗಳ ಫೀಸು ಕಟ್ಟುವುದು ಈ ತಿಂಗಳಿತ್ತು. ಬೆಳ್ಳಿ ಇಳಿತದ ಪೂರ್ತಿ ಪೆಟ್ಟು ಬೀಳುವುದು ಹೀಗೆ, ಇಂಥವರ ಮೇಲೆ, ಇಂಥ ನಾಣ್ಯದ ಮೇಲೆ. ಲೋಹ ಬಿಟ್ಟರೆ ಅದಕ್ಕೆ ನಿಲ್ಲಲು ಬೇರೆ ಆಸರೆ ಇಲ್ಲ. ಕರಗಿಸುವಾಗ ಹೋಗುವ ತೂಕವನ್ನೂ ಪತ್ತಾರರು ಮೊದಲೇ ಮುರಿದುಕೊಳ್ಳುತ್ತಾರೆ, ಅದು ಬೆಲೆ ಏರಿದ್ದರೂ ಇದೆ, ಇಳಿದಿದ್ದರೂ ಇದೆ.

ಕೊಂಡಿಗಿಂತ ದೊಡ್ಡ ಶತ್ರು ಹುಣಸೆಹಣ್ಣು. ದೀಪಾವಳಿಯ ಲಕ್ಷ್ಮೀಪೂಜೆಗೆ ನಮ್ಮ ಮನೆಗಳಲ್ಲಿ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕುತ್ತಾರೆ. ದೇವರ ಮುಂದೆ ಫಳಫಳ ಹೊಳೆಯುತ್ತದೆ, ನಿಜ. ಆದರೆ ನೂರು ವರ್ಷ ತಾನಾಗಿ ಕಟ್ಟಿದ ಕಪ್ಪು-ನೀಲಿ ಪೊರೆ ಹೋಗಿ, ಮೈತುಂಬ ಕೂದಲೆಳೆಯಂಥ ಗೀರು ಉಳಿಯುತ್ತದೆ. ಕಲೆಕ್ಷನ್ ರೇಟು ಇರುವುದು ಆ ಪೊರೆಯಲ್ಲಿ. ಪ್ರತಿ ವರ್ಷ ಹೀಗೆ ತಿಕ್ಕಿಸಿಕೊಂಡ ನಾಣ್ಯ ಲಕ್ಷ್ಮಿಯ ಪಾದದಲ್ಲಿದ್ದುಕೊಂಡೇ ಸಂಗ್ರಹದಿಂದ ಬೆಳ್ಳಿ ಪೇಟೆಗೆ ಇಳಿದಿರುತ್ತದೆ. ಇದನ್ನು ಮನೆಯ ಹೆಣ್ಣುಮಕ್ಕಳಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಲೂಬಾರದೇನೋ. ಅವರ ಮಟ್ಟಿಗೆ ನಾಣ್ಯದ ಕೆಲಸ ಅದೇ.

ಹಾಗಾದರೆ ಬೆಳ್ಳಿ ಬಿದ್ದರೂ ಬೀಳದ ನಾಣ್ಯ ಯಾವುದು? ಬಹಳ ಜನ 'ಹಳೇದು' ಅನ್ನುತ್ತಾರೆ. ಹಳೇತನಕ್ಕೂ ಅಪರೂಪಕ್ಕೂ ಅಂಥ ನಂಟಿಲ್ಲ. ಎಲ್ಲರ ಮನೆಯಲ್ಲೂ ಸಿಗುವ ರಾಣಿ ರೂಪಾಯಿ 1862ರದ್ದು. ಆ ಇಸವಿಯ ಅಚ್ಚನ್ನೇ 1874ರವರೆಗೆ ಬಳಸಿದರು, ಯಾವ ವರ್ಷದ್ದೆಂದು ತಿಳಿಯಲು ಹಿಂಬದಿಯಲ್ಲಿ ಸಣ್ಣ ಚುಕ್ಕಿ ಇಡುತ್ತಾ ಹೋದರು. ಹೀಗಾಗಿ 1862 ಅಂದರೆ ರಾಶಿ ರಾಶಿ. ಬೆಳ್ಳಿ ಇಳಿದರೆ ಇದೂ ಇಳಿಯುತ್ತದೆ. ಭೂತಗನ್ನಡಿ ಹಿಡಿದು ಚುಕ್ಕಿ ಎಣಿಸುವವನ ಕೈಗೆ ಸಿಕ್ಕರೆ ಮಾತ್ರ ಅದರಲ್ಲೇ ಕೆಲವು ಬೇರೆ ಸಾಲಿಗೆ ಹೋಗುತ್ತವೆ.

1911ರ ಐದನೇ ಜಾರ್ಜ್ ರೂಪಾಯಿಯ ಕಥೆ ಬೇರೆ. ರಾಜನ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಸೊಂಡಿಲು ಗಿಡ್ಡವಾಗಿ, ಜನಕ್ಕೆ ಅದು ಹಂದಿಯ ಹಾಗೆ ಕಂಡಿತು. ಗುಲ್ಲೆದ್ದಿತು. ಹಂಚದೆ ಉಳಿದಿದ್ದನ್ನೆಲ್ಲ ಸರ್ಕಾರ ಕರಗಿಸಿ, 1912ರಿಂದ ಆನೆಯನ್ನು ತಿದ್ದಿ ಅಚ್ಚು ಹಾಕಿತು. ಎರಡೂ ರೂಪಾಯಿ ಒಂದೇ ತೂಕ, ಒಂದೇ ಬೆಳ್ಳಿ. 1912ರದ್ದು ಬೆಳ್ಳಿ ರೇಟಿನ ಬೆನ್ನು ಹಿಡಿದು ಏರಿಳಿಯುತ್ತದೆ, 1911ರದ್ದು ಅಷ್ಟಾಗಿ ಕಿವಿಗೊಡುವುದಿಲ್ಲ. 1939ರ ರೂಪಾಯಿಯಂತೂ ಕಿವುಡೇ. ಸಿಗುವುದೇ ದುರ್ಲಭ, ಕೇಳುವವರು ಬಹಳ. ಕಿಲೋ ಬೆಳ್ಳಿ ಅರ್ಧಕ್ಕೆ ಬಿದ್ದರೂ ಅದರ ಮಾಲೀಕ ಒಂದು ರೂಪಾಯಿ ಬಿಡುವುದಿಲ್ಲ.

ಚಾರ್‌ಮಿನಾರ್ ರೂಪಾಯಿಯಲ್ಲೂ ಇಂಥದ್ದೇ ಒಂದು ಕಿಂಡಿ ಇದೆ. ನಡುವಿನ ಕಮಾನಿನೊಳಗೆ ಒಂದೇ ಒಂದು ಉರ್ದು ಅಕ್ಷರ. 'ಮೀಮ್' ಇದ್ದರೆ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಕಾಲದ್ದು, 'ಐನ್' ಇದ್ದರೆ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರದ್ದು. ಸವೆದ ನಾಣ್ಯದಲ್ಲಿ ಮೊದಲು ಮಾಯವಾಗುವುದೇ ಆ ಅಕ್ಷರ. ಉರ್ದು ಬಾರದ ನಮ್ಮ ಹುಡುಗರು ಅದನ್ನು ನೋಡದೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ.

ಬೆಳ್ಳಿ ಇಳಿತ ನಮ್ಮ ರೂಪಾಯಿ ಕಂಡ ಹೊಸ ಕಷ್ಟವಲ್ಲ. 1870ರ ದಶಕದಲ್ಲಿ ಜರ್ಮನಿ ಚಿನ್ನದ ನಾಣ್ಯಕ್ಕೆ ಹೋಗಿ ತನ್ನ ಬೆಳ್ಳಿಯನ್ನು ಪೇಟೆಗೆ ಸುರಿಯಿತು. ಅತ್ತ ಅಮೆರಿಕದ ಗಣಿಗಳಿಂದಲೂ ಬೆಳ್ಳಿಯ ಹೊಳೆ. ಆ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಎರಡು ಶಿಲ್ಲಿಂಗಿನ ಹತ್ತಿರ ಇದ್ದ ರೂಪಾಯಿ, ಇಪ್ಪತ್ತು ವರ್ಷದಲ್ಲಿ ಒಂದೂಕಾಲು ಶಿಲ್ಲಿಂಗಿನ ಆಸುಪಾಸಿಗೆ ಬಂತು. ಆಗಿನ ಕಾಯಿದೆಯಂತೆ ಯಾರು ಬೇಕಾದರೂ ಬೆಳ್ಳಿ ತಗೊಂಡು ಟಂಕಸಾಲೆಗೆ ಹೋಗಿ ರೂಪಾಯಿ ಮಾಡಿಸಿಕೊಂಡು ಬರಬಹುದಿತ್ತು. ಬೆಳ್ಳಿ ಅಗ್ಗವಾದಷ್ಟೂ ರೂಪಾಯಿ ಹೆಚ್ಚಾಯಿತು. ಕೊನೆಗೆ 1893ರ ಜೂನ್‌ನಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ಅಲ್ಲಿಂದ ರೂಪಾಯಿಯ ಬೆಲೆ ಬೇರೆ, ಅದರೊಳಗಿನ ಬೆಳ್ಳಿಯ ಬೆಲೆ ಬೇರೆ. ಒಳಗಿನ ಬೆಳ್ಳಿ ಎಷ್ಟೇ ಅಗ್ಗವಾದರೂ ಪೇಟೆಯಲ್ಲಿ ರೂಪಾಯಿ ರೂಪಾಯಿಯೇ.

ಸಂಗ್ರಹಕಾರನಿಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಬಾಗಿಲು ಮುಚ್ಚಿದ ಮೇಲೆ 1900ರಲ್ಲಿ ಮತ್ತೆ ಜೋರಾಗಿ ಅಚ್ಚು ಶುರುವಾಗುವವರೆಗೆ ರೂಪಾಯಿ ಹೊರಬಂದದ್ದೇ ಕಮ್ಮಿ. 1901ರ ರಾಣಿ ರೂಪಾಯಿ ಕೇಳಿದಲ್ಲಿ ಸಿಗುತ್ತದೆ, 1897ರದ್ದು ಹಾಗಲ್ಲ. ಇವತ್ತು 1897ಕ್ಕೆ ಕೊಡುವ ಹೆಚ್ಚಿನ ಹಣದ ಬೇರು ಆವತ್ತಿನ ಬೆಳ್ಳಿ ಕುಸಿತದಲ್ಲಿದೆ. ಬೆಳ್ಳಿ ಬಿದ್ದದ್ದರಿಂದಲೇ ಆ ನಾಣ್ಯ ದುಬಾರಿ!

ನಾಣ್ಯಗಳನ್ನು ಕೊಲ್ಲುವುದು ಇಳಿಕೆಯಲ್ಲ, ಏರಿಕೆ. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಗೆಳೆಯರಿಗೆ ತಲೆಗೆ ಹೋಗುವುದಿಲ್ಲ. 1980ರ ಜನವರಿಯಲ್ಲಿ ಬೆಳ್ಳಿ ಕೊಂಡು ಗುಡ್ಡೆ ಹಾಕಿದ ಅಮೆರಿಕದ ಶ್ರೀಮಂತ ಹಂಟ್ ಸೋದರರ ಆಟದಿಂದ ಬೆಳ್ಳಿ ಔನ್ಸಿಗೆ 50 ಡಾಲರ್ ಸಮೀಪ ಹೋದಾಗ ಜಗತ್ತಿನ ಎಲ್ಲ ಕಡೆ ಮೂಸೆಗೆ ಬಿದ್ದ ನಾಣ್ಯಕ್ಕೆ ಲೆಕ್ಕವಿಲ್ಲ. ಅದೇ ಮಾರ್ಚ್ ಕೊನೆಗೆ ಬೆಲೆ 11 ಡಾಲರಿಗೂ ಕೆಳಗೆ ಬಂತು. ಬೆಲೆ ವಾಪಸು ಬಂತು, ಕರಗಿದ್ದು ವಾಪಸು ಬರಲಿಲ್ಲ. ಅದಕ್ಕೂ ಹಿಂದೆ, ಮೊದಲ ಮಹಾಯುದ್ಧದಲ್ಲಿ ಇಂಡಿಯಾಕ್ಕೆ ಬೆಳ್ಳಿ ಸಾಲದೆ ಬಂದಾಗ, 1918ರ ಪಿಟ್‌ಮನ್ ಕಾಯಿದೆಯಡಿ ಅಮೆರಿಕ ತನ್ನ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ ಬಹುಪಾಲು ಬೆಳ್ಳಿ ಬ್ರಿಟಿಷರ ಕೈಸೇರಿ ಇಲ್ಲಿಗೆ ಬಂತು. ಆ ಹೊತ್ತಿನ ಐದನೇ ಜಾರ್ಜ್ ರೂಪಾಯಿ ನಿಮ್ಮ ಮನೆಯಲ್ಲಿದ್ದರೆ ಅದರೊಳಗೆ ಅಮೆರಿಕದ ಡಾಲರು ಇರುವ ಸಂಭವ ಇದೆ. ಯಾವ ಇಸವಿಯ ಡಾಲರು ಎಷ್ಟು ಕರಗಿದವೆಂದು ಯಾರೂ ಬರೆದಿಡಲಿಲ್ಲ, ಹಾಗಾಗಿ ಯಾವುದು ಎಷ್ಟು ಉಳಿದಿದೆ ಎಂಬ ಜಗಳ ಅಲ್ಲಿನ ಸಂಗ್ರಹಕಾರರಲ್ಲಿ ಇನ್ನೂ ಮುಗಿದಿಲ್ಲ.

ಬೆಳ್ಳಿ ರೇಟು ಕಲೆಕ್ಷನ್ ರೇಟನ್ನು ಮುಟ್ಟಿದ ದಿನ ಪತ್ತಾರರಿಗೆ ಸಂಗ್ರಹಕಾರ ಬೇಕಾಗುವುದಿಲ್ಲ. ಸಾಧಾರಣ ನಾಣ್ಯವನ್ನು ಬೇರೆ ತೆಗೆದಿಟ್ಟು, ಗಿರಾಕಿಗೆ ಕಾದು, ಚೌಕಾಸಿ ಮಾಡುವುದಕ್ಕಿಂತ ಒಟ್ಟಿಗೆ ತೂಗಿ ಕಳಿಸುವುದು ಸಲೀಸು. ರೇಟು ಇಳಿದಾಗ ಅದೇ ಕಾಕಾ ಒಂದು ಡಬ್ಬಿ ತೆಗೆದಿಡುತ್ತಾರೆ, "ಸರ, ನೋಡಿ ಹೋಗ್ರಿ" ಅಂತ ಫೋನು ಮಾಡುತ್ತಾರೆ. ನನ್ನ ಸ್ವಾರ್ಥವೂ ಸೇರಿಯೇ ಹೇಳುತ್ತೇನೆ, ಬೆಳ್ಳಿ ಇಳಿದ ವರ್ಷ ನಾಣ್ಯಗಳಿಗೆ ಒಳ್ಳೆಯ ವರ್ಷ.

ಆದರೆ ದೊಡ್ಡ ವ್ಯಾಪಾರಿಗಳ ಹತ್ತಿರ ಇಳಿತ ಕಾಣಿಸುವ ಬಗೆಯೇ ಬೇರೆ. ಮೇಲಿನ ರೇಟಿಗೆ ಕೊಂಡ ಮಾಲನ್ನು ಅವರು ಕೆಳಗಿನ ರೇಟಿಗೆ ಕೊಡುವುದಿಲ್ಲ. ಬೆಲೆಯ ಚೀಟಿ ಬದಲಾಗುವುದಿಲ್ಲ, ವ್ಯಾಪಾರ ನಿಲ್ಲುತ್ತದೆ. ಹರಾಜಿನಲ್ಲಿ ಕನಿಷ್ಠ ಬೆಲೆ ಬಾರದ ನಾಣ್ಯ ಮನೆಗೆ ವಾಪಸು ಹೋಗುತ್ತದೆ. ಹೊರಗಿನಿಂದ ನೋಡುವವನಿಗೆ 'ರೇಟು ಇಳಿದೇ ಇಲ್ಲ' ಅನಿಸುತ್ತದೆ. ಕೊಳ್ಳುವವನೇ ಇಲ್ಲದಾಗ ಬರೆದಿಟ್ಟ ಬೆಲೆ ಬೆಲೆಯೇ ಅಲ್ಲ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಸುಂಕದ ಆಟವೂ ಇದೆ. 2024ರ ಜುಲೈ ಬಜೆಟ್‌ನಲ್ಲಿ ಬಂಗಾರ, ಬೆಳ್ಳಿಯ ಆಮದು ಸುಂಕ ನೂರಕ್ಕೆ 15ರಿಂದ 6ಕ್ಕೆ ಇಳಿಯಿತು. ಜಗತ್ತಿನ ಬೆಳ್ಳಿ ರೇಟು ಹೇಳುವ ಲಂಡನ್ನಿನಲ್ಲಿ ಏನೂ ಆಗದಿದ್ದರೂ ಇಲ್ಲಿ ಅವತ್ತೇ ರೇಟು ಕುಸಿಯಿತು. ಪತ್ತಾರರು ಅರ್ಧ ಗಂಟೆಯಲ್ಲಿ ಬೋರ್ಡು ಅಳಿಸಿ ಬರೆದರು. ನಾಣ್ಯದ ವ್ಯಾಪಾರಿಗಳ ಪಟ್ಟಿ ಹಾಗೇ ಇತ್ತು.

ಅಪರೂಪದ ನಾಣ್ಯವೂ ಒಮ್ಮೊಮ್ಮೆ ಇಳಿಯುತ್ತದೆ, ಆದರೆ ಬೆಳ್ಳಿಯಿಂದಲ್ಲ, ಕೊಳ್ಳುವವನ ಜೇಬಿನಿಂದ. ಬಳ್ಳಾರಿ, ಸಂಡೂರು, ಹೊಸಪೇಟೆಯಲ್ಲಿ ಅದಿರಿನ ದುಡ್ಡು ಓಡಾಡುತ್ತಿದ್ದ ಕಾಲದಲ್ಲಿ ವಿಜಯನಗರದ ವರಹ ಬಂದರೆ ಬೆಲೆ ಕೇಳದೆ ಎತ್ತಿಕೊಂಡು ಹೋಗುವ ಹೊಸ ಶ್ರೀಮಂತರಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಲಾರಿಗಳು ನಿಂತವು, ಆ ಗಿರಾಕಿಗಳೂ ಕಾಣೆಯಾದರು. ಅದೇ ವರ್ಷ ಬಂಗಾರ ಏರುತ್ತಲೇ ಇತ್ತು ಎಂಬುದನ್ನು ಮರೆಯಬೇಡಿ. ನಮ್ಮ ಸೀಮೆಯಲ್ಲಿ ವರಹದ ಕಲೆಕ್ಷನ್ ರೇಟನ್ನು ಕೆಳಗೆ ಎಳೆದ ಲೋಹ ಬಂಗಾರವಲ್ಲ, ಕಬ್ಬಿಣದ ಅದಿರು.

ವರಹದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ವಿಜಯನಗರದ ವರಹ ಸುಮಾರು 3.4 ಗ್ರಾಂ ಬಂಗಾರ. ಅದರ ಅರ್ಧ ಪ್ರತಾಪ, ಹತ್ತನೇ ಒಂದು ಭಾಗ ಪಣ. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಈ ನಾಣ್ಯಗಳನ್ನೆಲ್ಲ ಹೆಸರಿಸಿ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಬಾಲಕೃಷ್ಣನ ವರಹ ಸಂಗ್ರಹಕಾರರಲ್ಲಿ ಹೆಚ್ಚು ಓಡಾಡುವುದು. ಬಂಗಾರ ಹತ್ತು ಗ್ರಾಂಗೆ ಲಕ್ಷ ಅಂದರೆ ಒಳಬೆಲೆಯೇ 34 ಸಾವಿರದ ಹತ್ತಿರ, ಹಾಗಾಗಿ ಬಂಗಾರ ಇಳಿದಾಗ ಅದರ ಕಾಲಡಿಯ ನೆಲ ಸ್ವಲ್ಪ ಕುಸಿಯುತ್ತದೆ. ಇನ್ನು ಎರಡನೇ ದೇವರಾಯನ ಕಾಲದ ತಾಮ್ರದ ಕಾಸು ನೋಡಿ. ಮೂರೂವರೆ ಗ್ರಾಂ ತಾಮ್ರ, ಕಿಲೋಗೆ 900 ಹಿಡಿದರೂ ಮೂರು ರೂಪಾಯಿ ಚಿಲ್ಲರೆ. ತಾಮ್ರ ಸತ್ತೇ ಹೋದರೂ ಆನೆ ಇರುವ ಆ ಕಾಸಿಗೆ ಏನೂ ಆಗುವುದಿಲ್ಲ. ಲೋಹದ ರೇಟಿಗೆ ಅಂಜುವವರು ತಾಮ್ರ ಕೂಡಿಡಲಿ ಅಂತ ನಾನು ಹೇಳುವುದು ಇದಕ್ಕೇ. ಹಂಪಿ, ಆನೆಗೊಂದಿ, ಮುದಗಲ್ಲು ಕಡೆ ಹೊಲದಲ್ಲಿ ಸಿಕ್ಕಿತು ಅಂತ ಯಾರಾದರೂ ತಂದರೆ ಮಾತ್ರ ಕೈ ಹಾಕಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯಿದೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಡಿ ಪ್ರಾಚ್ಯವಸ್ತು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ.

ಇಳಿತದಲ್ಲಿ ನಿಜಕ್ಕೂ ಕೈ ಸುಟ್ಟುಕೊಳ್ಳುವವರು ಹೊಸ ಸ್ಮಾರಕ ನಾಣ್ಯವನ್ನು ಹೂಡಿಕೆ ಅಂತ ಕೊಂಡವರು. 2023ರ ಸಂಸತ್ ಭವನದ 75 ರೂಪಾಯಿ ನಾಣ್ಯ 35 ಗ್ರಾಂ ಇದೆ ಅಂತ ನನ್ನ ಅಕ್ಕನ ಮಗ ಹಿಗ್ಗಿದ್ದ. ಅದರಲ್ಲಿ ಅರ್ಧ ಮಾತ್ರ ಬೆಳ್ಳಿ, ಉಳಿದದ್ದು ತಾಮ್ರ, ನಿಕಲ್, ಸತು. ಡಬ್ಬಿ, ಮಿಂಟಿನ ಹೊಳಪು, ಬಿಡುಗಡೆಯ ಗದ್ದಲ ಇವಕ್ಕೆಲ್ಲ ಸೇರಿ ಕೊಟ್ಟ ಹಣ ಅದು. ಗದ್ದಲ ಮುಗಿದ ಮೇಲೆ ಬೆಳ್ಳಿಯೂ ಇಳಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. "ಮಾಮಾ, ನಾನೇನು ಮಾರಂಗಿಲ್ಲ, ಚಂದ ಐತಿ ಅಂತ ತಗೊಂಡೀನಿ" ಅಂದ. ಹಾಗಿದ್ದರೆ ಸರಿ. ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಹತ್ತು ಲಕ್ಷ ಅಂತ ಮೊಬೈಲಿನಲ್ಲಿ ಬರುವ ಜಾಹೀರಾತಿಗಿಂತ ಅದು ಎಷ್ಟೋ ಮೇಲು. ಆ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಇಷ್ಟೆಲ್ಲ ಹೇಳಿದ ಮೇಲೂ ರಾಯಚೂರಿನಲ್ಲಿ ಹಳೇ ನಾಣ್ಯ ಯಾವಾಗ ಪೇಟೆಗೆ ಬರುತ್ತದೆ ಎಂಬುದನ್ನು ಲಂಡನ್ ರೇಟು ತೀರ್ಮಾನಿಸುವುದಿಲ್ಲ. ಬಿತ್ತನೆ ಬೀಜ, ಗೊಬ್ಬರಕ್ಕೆ ದುಡ್ಡು ಬೇಕಾದ ಜೂನ್‌ನಲ್ಲಿ ಟ್ರಂಕು ತೆರೆಯುತ್ತದೆ, ಬೆಳ್ಳಿ ಮೇಲಿರಲಿ ಕೆಳಗಿರಲಿ. ಹತ್ತಿಗೆ, ತೊಗರಿಗೆ ಬೆಲೆ ಬಂದ ವರ್ಷ ತೆರೆಯುವುದಿಲ್ಲ. ಈ ಸಲ ಬೆಳ್ಳಿ ಸ್ವಲ್ಪ ಇಳಿದಾಗ ನಾನೇ ಕಾಕಾಗೆ ಫೋನು ಮಾಡಿ, ಡಬ್ಬಿಯಲ್ಲಿ ಏನಾದರೂ ಬಂದಿದೆಯೇ ಅಂತ ಕೇಳಿದೆ.

"ಏನೂ ಇಲ್ರಿ ಸರ" ಅಂದರು. "ಹೋದ ವರ್ಷದ ಹತ್ತಿ ದುಡ್ಡು ಇನ್ನೂ ಮಂದಿ ಕೈಯಾಗ ಐತಿ. ಗಿರವಿ ಇಟ್ಟಿದ್ದನ್ನ ಬಿಡಿಸಿಕೊಂಡು ಹೋಗಾಕ ಹತ್ಯಾರ."